ಇನ್‌ಸೆಪ್ಷನ್ ಅಂದ್ರೆ ಕನಸಿನೊಳಗಿನ ಕನಸಾ?

ಪ್ರಶ್ನೆ: ಮ್ಯೂಚುವಲ್ ಫಂಡ್ ಹಾಳೆಯಲ್ಲಿ 1 ವರ್ಷ, 3 ವರ್ಷ, 5 ವರ್ಷದ ಲಾಭದ ಪಕ್ಕದಲ್ಲೇ ‘ಸಿನ್ಸ್ ಇನ್‌ಸೆಪ್ಷನ್’ ಅಂತ ಒಂದು ಕಾಲಂ ಇದೆ. ಮಗಳನ್ನು ಕೇಳಿದರೆ ‘ಕನಸಿನೊಳಗೆ ಕನಸು, ಅಪ್ಪಾ’ ಅಂದಳು. ದುಡ್ಡಿಗೂ ಕನಸಿಗೂ ಏನು ಸಂಬಂಧ? ಈ ಪದ ಬಂದಿದ್ದಾದರೂ ಎಲ್ಲಿಂದ?

ಉತ್ತರ: ಮೊದಲು ದುಡ್ಡಿನ ವಿಷಯ. ಅಲ್ಲಿ ಅದರ ಅರ್ಥ ‘ಶುರುವಾದಾಗಿನಿಂದ’, ಅಷ್ಟೇ. ಆದರೆ ಫಂಡ್ ಶುರುವಾದ ದಿನದಿಂದ, ನೀವು ದುಡ್ಡು ಹಾಕಿದ ದಿನದಿಂದ ಅಲ್ಲ. ಆ ಕಾಲಂನಲ್ಲಿರುವ ಲಾಭ ನಿಮ್ಮದು ಅಂತ ಸುಮ್ನೆ ಖುಷಿಪಡಬೇಡಿ.

ಇನ್ನು ಹುಟ್ಟು. ಲ್ಯಾಟಿನ್‌ನಲ್ಲಿ ‘ಕಪೆರೆ’ ಅಂದರೆ ಹಿಡಿ, ತೆಗೆದುಕೊ. ಅದಕ್ಕೆ ಮುಂದೆ ‘ಇನ್’ ಸೇರಿ ‘ಇನ್‌ಕಿಪೆರೆ’ ಆಯಿತು, ಅಂದರೆ ಶುರು ಮಾಡು. ಹಿಡಿಯೋದಕ್ಕೂ ಶುರು ಮಾಡೋದಕ್ಕೂ ಏನು ನಂಟು ಅಂತೀರಾ? ನಾವೂ ‘ಕೆಲಸ ಕೈಗೆತ್ತಿಕೊಂಡ’, ‘ಮನೆ ಕಟ್ಟೋಕೆ ಕೈ ಹಾಕಿದ’ ಅಂತೀವಿ, ಅಲ್ವಾ? ಅದೇ ಲೆಕ್ಕ. ಜರ್ಮನ್ನರ ‘ಆನ್‌ಫಾಂಗೆನ್’ ಒಳಗೂ ಹಿಡಿಯೋದೇ ಇದೆ. ನಮ್ಮ ‘ಆರಂಭ’ವನ್ನೇ ನೋಡಿ, ಸಂಸ್ಕೃತದಲ್ಲಿ ‘ಆರಭ್’ ಅಂದರೆ ಮೊದಲು ಗಟ್ಟಿಯಾಗಿ ಹಿಡಿದುಕೊ, ಆಮೇಲೆ ಶುರು ಮಾಡು. ಹಳ್ಳಿಯಲ್ಲಿ ‘ಆರಂಬ ಮಾಡ್ಕೊಂಡಿದೀನಿ’ ಅಂದರೆ ಬೇಸಾಯ ಮಾಡ್ತಿದೀನಿ ಅಂತ. ಎಲ್ಲ ಶುರುಗಳಲ್ಲಿ ನೇಗಿಲು ಹಿಡಿಯೋ ಶುರುವಿಗೆ ಮಾತ್ರ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು ನನಗೆ ತುಂಬಾ ಇಷ್ಟ.

ಇದೇ ‘ಕಪೆರೆ’ಯ ಮಕ್ಕಳು ಇಂಗ್ಲಿಷ್ ತುಂಬಾ ಇದ್ದಾರೆ. ಕ್ಯಾಪ್ಚರ್, ಅಕ್ಸೆಪ್ಟ್, ರಿಸೀವ್, ಕಾನ್ಸೆಪ್ಟ್. ಕಾನ್ಸೆಪ್ಟ್ ಅಂದರೆ ಮನಸ್ಸು ಹಿಡಿದುಕೊಂಡದ್ದು, ನಾವು ‘ಗ್ರಹಿಕೆ’ ಅನ್ನೋ ಹಾಗೆ. ಹಾಗಾಗಿ ಶುರುವಿನ ಪದವೂ ಐಡಿಯಾದ ಪದವೂ ಒಂದೇ ಮನೆಯವು.

ಇಂಗ್ಲಿಷ್‌ಗೆ ಇನ್‌ಸೆಪ್ಷನ್ ಬಂದಿದ್ದು 15ನೇ ಶತಮಾನದ ಹೊತ್ತಿಗೆ. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇತ್ತು. ಓದು ಮುಗಿಸಿದವನನ್ನು ‘ಮಾಸ್ಟರ್’ ಅಂತ ಒಪ್ಪಿ, ಇನ್ನು ನೀನು ಪಾಠ ಹೇಳಬಹುದು ಅಂತ ಅನುಮತಿ ಕೊಡುವ ಸಮಾರಂಭವೇ ಇನ್‌ಸೆಪ್ಷನ್. ಅಮೆರಿಕದಲ್ಲಿ ಮಕ್ಕಳ ಪದವಿ ಸಮಾರಂಭಕ್ಕೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಅದನ್ನು ‘ಕಮೆನ್ಸ್‌ಮೆಂಟ್’, ಅಂದರೆ ಶುರು, ಅಂತಾರೆ. ಅಲ್ಲೂ ಇದೇ ಯೋಚನೆ.

ಈಗ ಮಗಳ ಉತ್ತರ. ಅದು ಬಂದಿದ್ದು ಕ್ರಿಸ್ಟೋಫರ್ ನೋಲನ್ 2010ರಲ್ಲಿ ಮಾಡಿದ ‘ಇನ್‌ಸೆಪ್ಷನ್’ ಸಿನಿಮಾದಿಂದ. ಆದರೆ ಅಲ್ಲೂ ಆ ಪದದ ಅರ್ಥ ಕನಸಿನೊಳಗೆ ಕನಸು ಅಲ್ಲ! ನಾಯಕ ಕನಸಿಗೆ ನುಗ್ಗಿ ಗುಟ್ಟು ಕದಿಯುವವನು. ಈ ಸಲ ಕದಿಯೋದಲ್ಲ, ಒಬ್ಬನ ತಲೆಯಲ್ಲಿ ಒಂದು ಐಡಿಯಾ ನೆಡಬೇಕು, ಅದೂ ಅದು ತನ್ನದೇ ಅಂತ ಅವನು ನಂಬೋ ಹಾಗೆ. ಆ ನೆಡುವ ಕೆಲಸಕ್ಕೆ ಇನ್‌ಸೆಪ್ಷನ್ ಅಂತ ಹೆಸರು. ಕನಸಿನೊಳಗೆ ಕನಸು ಇರೋದು ಅದನ್ನು ಮಾಡೋ ದಾರಿ. ಜನ ದಾರಿಯನ್ನೇ ಹೆಸರು ಅಂದುಕೊಂಡರು. ಆಮೇಲೆ ಒಂದರೊಳಗೊಂದು ಇರೋದಕ್ಕೆಲ್ಲ ‘ಸೆಪ್ಷನ್’ ಬಾಲ ಅಂಟಿಸಿದರು. ಸಿನಿಮಾದ ನಿಜವಾದ ಅರ್ಥಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಮಾತಿದೆ: ತಲೆಗೆ ಹುಳ ಬಿಡೋದು. ಮಗಳಿಗೆ ಹೇಳಿ ನೋಡಿ.

ಬಳಕೆಗೆ ಬಂದರೆ, ಇದು ಕೋಟು ಹಾಕಿಕೊಂಡ ಪದ. ಸಂಸ್ಥೆ, ಯೋಜನೆ, ಫಂಡ್‌ಗೆ ಸರಿ. ‘ಊಟದ ಇನ್‌ಸೆಪ್ಷನ್ ಎಷ್ಟೊತ್ತಿಗೆ’ ಅಂದರೆ ಜನ ನಗ್ತಾರೆ. ಹಾಗೇ ಕಣ್ಣಿನ ರಿಪೋರ್ಟಿನಲ್ಲಿ ‘ಇನ್ಸಿಪಿಯೆಂಟ್ ಕ್ಯಾಟರಾಕ್ಟ್’ ಅಂತ ಬರೆದಿದ್ದರೆ ಗಾಬರಿ ಬೇಡ. ಅದೂ ಇದೇ ಪದದ ತಮ್ಮ. ಪೊರೆ ಈಗಷ್ಟೇ ಶುರುವಾಗುತ್ತಿದೆ ಅಂತ.