ಕಡಲತೀರದ ಹಳೇ ಕಟ್ಟಡಗಳಿಗೆ ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಬೇಕು ಅನ್ನುವುದು ಯಾಕೆ?

ಸಿಮೆಂಟ್ ಬಳಿದರೆ ಅದು ಗೋಡೆಯ ತೇವವನ್ನು ಒಳಗೇ ಕೂಡಿಹಾಕುತ್ತದೆ, ಅದಕ್ಕೇ. ಸಮುದ್ರದ ಪಕ್ಕದಲ್ಲಿ ಆ ತೇವದ ಜೊತೆ ಉಪ್ಪೂ ಇರುತ್ತದೆ. ಕಲ್ಲು, ಇಟ್ಟಿಗೆಯನ್ನು ಜಾಸ್ತಿ ಹಾಳು ಮಾಡುವುದು ಈ ಉಪ್ಪು.

ಉಪ್ಪುನೀರು ಪಾಯದಿಂದ ಗೋಡೆಯೊಳಗೆ ಮೇಲೇರುತ್ತದೆ. ಗಾಳಿಯಲ್ಲೂ ಉಪ್ಪು ಬಂದು ಕೂರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟುತ್ತದೆ. ಆ ಹರಳು ಬೆಳೆಯುತ್ತಾ ಸುತ್ತಲಿನ ಸಣ್ಣ ಸಣ್ಣ ರಂಧ್ರಗಳನ್ನು ಒತ್ತಿ ಒಡೆಯುತ್ತದೆ. ಸುಣ್ಣದ ಗಾರೆ ಮೆತ್ತಗಿರುತ್ತದೆ, ತೇವ ಅದರ ಮೂಲಕ ಸುಲಭವಾಗಿ ಹೊರಹೋಗುತ್ತದೆ. ಹಾಗಾಗಿ ಉಪ್ಪು ಹೆಚ್ಚಾಗಿ ಗಾರೆಯಲ್ಲೇ ಹರಳಾಗುತ್ತದೆ, ಉದುರುವುದೂ ಗಾರೆಯೇ. ಅದನ್ನು ಮತ್ತೆ ಹಾಕಬಹುದು. ನೂರಾರು ವರ್ಷದ ಕಲ್ಲನ್ನು ಮತ್ತೆ ತರಲು ಆಗುವುದಿಲ್ಲ ಅಲ್ವಾ? ಸಿಮೆಂಟ್ ಬಳಿದರೆ ಇದು ತಿರುಗುಮುರುಗು: ಪ್ಲಾಸ್ಟರ್ ಗಟ್ಟಿಯಾಗಿ ನಿಲ್ಲುತ್ತದೆ, ಅದರ ಹಿಂದೆ ಇಟ್ಟಿಗೆ ಪುಡಿಯಾಗುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನನಗೆ ತುಂಬಾ ಬೇಸರ ತರಿಸುವುದು ಇದೇ.

ಹಳಬರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಇಟಲಿಯ ವೆನಿಸ್‌ನಲ್ಲಿ ಇಟ್ಟಿಗೆ ಗೋಡೆಯ ಬುಡಕ್ಕೆ ನೀರನ್ನು ಅಷ್ಟಾಗಿ ಹೀರದ ಇಸ್ಟ್ರಿಯಾ ಎಂಬ ಕಡೆಯ ಸುಣ್ಣದಕಲ್ಲನ್ನು ಕೂರಿಸುತ್ತಿದ್ದರು. ಈಗ ನೀರಿನ ಮಟ್ಟ ಏರಿ, ಎಷ್ಟೋ ಕಡೆ ಆ ಕಲ್ಲನ್ನೂ ದಾಟಿ ಇಟ್ಟಿಗೆಗೆ ತಾಗುತ್ತಿದೆ.

ನಾವು ಈಗ ಸಾಮಾನ್ಯವಾಗಿ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕಿಂತ ಹಳೆಯ ಕಟ್ಟಡವಾದರೆ, ರಿಪೇರಿಗೆ ಮೊದಲು ಮೂಲ ಗಾರೆಯ ಒಂದು ತುಂಡನ್ನು ಪರೀಕ್ಷೆ ಮಾಡಿಸಿ. ಈಗಾಗಲೇ ಸಿಮೆಂಟ್ ಬಳಿದಿದ್ದರೆ ಸುಮ್ನೆ ಕಿತ್ತುಹಾಕಬೇಡಿ, ಇಟ್ಟಿಗೆಯ ಮೈಯೂ ಅದರ ಜೊತೆ ಕಿತ್ತು ಬರಬಹುದು.