ಮೊದಲು ಕಾಗದ ತೋರಿಸಲಿ

ಓದುಗರ ಪತ್ರ: “ನಾನು ನಿವೃತ್ತ ಶಾಲಾ ಮೇಷ್ಟ್ರು. ಆರು ವರ್ಷಗಳ ಹಿಂದೆ ಬಾಕಿಯನ್ನೆಲ್ಲ ಕಟ್ಟಿ ಮುಚ್ಚಿಸಿದ ಕ್ರೆಡಿಟ್ ಕಾರ್ಡೊಂದರ ಹೆಸರಿನಲ್ಲಿ ಈಗ ವಸೂಲಿ ಏಜೆನ್ಸಿಯೊಂದರಿಂದ ಕರೆ ಬರುತ್ತಿದೆ. ಆ ಕಾರ್ಡಿನ ಮಿತಿಯನ್ನೂ ಮೀರಿದ ಮೊತ್ತ ಹೇಳುತ್ತಾರೆ. ಆರೇಳು ಸಲ ಸಮಾಧಾನದಿಂದ ವಿವರಿಸಿದೆ, ಕೊನೆಗೆ ಕೂಗಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಕಳೆದ ವಾರ ಸೊಸೆಯ ಕಚೇರಿಗೇ ಫೋನ್ ಮಾಡಿದ್ದಾರೆ. ‘ಅರೆಸ್ಟ್ ವಾರಂಟ್ ಬರುತ್ತದೆ’ ಎಂದೂ ಹೆದರಿಸಿದರು. ಮಗ ‘ಅರ್ಧಕ್ಕೆ ಒಪ್ಪುತ್ತಾರಂತೆ, ಕಟ್ಟಿ ಕೈತೊಳೆದುಕೊಳ್ಳೋಣ’ ಎನ್ನುತ್ತಾನೆ. ಈ ವಯಸ್ಸಿನಲ್ಲಿ ನೆಮ್ಮದಿ ದೊಡ್ಡದೋ ಹಟ ದೊಡ್ಡದೋ ನನಗೇ ತಿಳಿಯುತ್ತಿಲ್ಲ. ನೀವೇನು ಹೇಳುತ್ತೀರಿ?”
– ಹೆಸರು ಬೇಡವೆಂದಿರುವ ಓದುಗರು

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರ ನಾಲ್ಕು ಪುಟಗಳಷ್ಟಿತ್ತು. ಮೊಟಕುಗೊಳಿಸಿ ಮೇಲೆ ಕೊಟ್ಟಿದ್ದೇನೆ, ಕ್ಷಮಿಸಿ. ಎಡಕ್ಕೆ ಅಂಚು ಬಿಟ್ಟು, ತಾರೀಖು ಹಾಕಿ, ದುಂಡನೆಯ ಅಕ್ಷರದಲ್ಲಿ ಬರೆದಿದ್ದೀರಿ. ಯಾವ ದಿನ ಯಾವ ಹೊತ್ತಿಗೆ ಕರೆ ಬಂತು, ಅವರು ಏನೆಂದರು, ನೀವು ಏನೆಂದಿರಿ ಎಲ್ಲವೂ ಅದರಲ್ಲಿದೆ. ಓದುತ್ತಾ ಮೊದಲು ಸಂತೋಷವಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ಪಾಲು ನಿಮಗೂ ಸಲ್ಲಬೇಕು. ನಮಗೆ ನಾಲ್ಕು ಪುಟ ಬರೆದ ನೀವು, ಸಾಲ ಕೇಳುತ್ತಿರುವವರಿಗೆ ಒಂದೇ ಒಂದು ಸಾಲನ್ನೂ ಬರೆದಿಲ್ಲ! ಜೀವಮಾನವಿಡೀ ಮಕ್ಕಳಿಗೆ “ಬರೆದು ತೋರಿಸು” ಎಂದವರು ನೀವು. ಈ ಪರೀಕ್ಷೆಯನ್ನು ಬಾಯಿಯಲ್ಲೇ ಮುಗಿಸಲು ಹೊರಟಿರಲ್ಲ?

ಸಾಲ ಕೊಟ್ಟವರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ಪಡೆದ ಸಾಲವನ್ನು ತೀರಿಸಬೇಕು. ತೀರಿಸದವರು ಹೆಚ್ಚಾದರೆ ನಾಳೆ ಅಗತ್ಯವಿರುವವನಿಗೆ ಸಾಲ ಹುಟ್ಟುವುದಿಲ್ಲ. ನಿಮಗೆ ಫೋನ್ ಮಾಡುತ್ತಿರುವ ಹುಡುಗನೂ ದಿನಕ್ಕಿಷ್ಟು ಕರೆ, ತಿಂಗಳಿಗಿಷ್ಟು ವಸೂಲಿ ಎಂಬ ಲೆಕ್ಕದ ನೊಗ ಹೊತ್ತವನೇ. ಅವನ ಮೇಲೆ ಕೂಗಾಡಿ ಫಲವಿಲ್ಲ. ಇಷ್ಟು ಹೇಳಿದ ಮೇಲೆ ನನ್ನ ಪಕ್ಷ ಯಾವುದೆಂದು ಮುಚ್ಚಿಡುವುದಿಲ್ಲ. ಸಾಲ ಇದೆ ಎನ್ನುವವನು ಅದನ್ನು ಕಾಗದದಲ್ಲಿ ತೋರಿಸಬೇಕು. ತೋರಿಸುವ ತನಕ ನೀವು ಯಾರಿಗೂ ಋಣಿಯಲ್ಲ, ಕೊಡಬೇಕಾದ ಒಂದು ಕಾಸೂ ಇಲ್ಲ.

ನಮ್ಮ ತಂದೆ ಬಾಗಿಲ ಹಿಂದೆ ಒಂದು ತಂತಿ ನೇತುಹಾಕಿದ್ದರು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಕಟ್ಟಿದ ದುಡ್ಡಿಗೆ ಕೊಟ್ಟ ರಸೀದಿ ಯಾವುದೇ ಇರಲಿ, ಮನೆಗೆ ಬಂದ ತಕ್ಷಣ ಆ ತಂತಿಗೆ ಚುಚ್ಚುತ್ತಿದ್ದರು. ಧೂಳು ಹಿಡಿದ ಆ ಕಾಗದದ ಗೊಂಚಲನ್ನು ಕಂಡು ನಾವು ಮಕ್ಕಳು ನಗುತ್ತಿದ್ದೆವು. ಅವರು ತೀರಿಕೊಂಡ ಎರಡು ತಿಂಗಳಿಗೆ ಒಬ್ಬರು ಬಂದು, ನಿಮ್ಮ ತಂದೆಯ ಹಳೆಯ ಸಾಲವೊಂದು ಬಾಕಿ ಇದೆ ಎಂದರು. ತಾಯಿ ಒಂದು ಮಾತನ್ನೂ ಆಡದೆ ತಂತಿಯನ್ನು ಇಳಿಸಿ ನೆಲದ ಮೇಲೆ ಕೂತರು. ಒಂದೊಂದೇ ಚೀಟಿ ತೆಗೆಯುತ್ತಾ ಹೋಗಿ, ಮುಕ್ಕಾಲು ಗಂಟೆಯ ಮೇಲೆ ಆ ರಸೀದಿಯನ್ನು ಹಿಡಿದರು. ತಂತಿ ಚುಚ್ಚಿದ ತೂತು ಸರಿಯಾಗಿ ಮೊತ್ತದ ಅಂಕಿಯ ಮೇಲೇ ಬಿದ್ದಿತ್ತು. ಅಂಕಿ ಹೋಗಿತ್ತು. ಅದರ ಕೆಳಗೆ ನೇರಳೆ ಶಾಯಿಯಲ್ಲಿ “ಪೂರ್ತಿ ಚುಕ್ತಾ” ಎಂಬ ಎರಡು ಪದ ಮತ್ತು ಒಂದು ಸಹಿ ಮಾತ್ರ ಉಳಿದಿತ್ತು. ಬಂದವರು ಅದನ್ನು ಎರಡು ಸಲ ಓದಿ, ಮಡಿಸಿ ತಾಯಿಯ ಕೈಗೇ ಕೊಟ್ಟು ಹೊರಟುಹೋದರು. ಕಾಗದದ ಬಗ್ಗೆ ನನಗಿರುವ ಭಕ್ತಿ ಹುಟ್ಟಿದ್ದು ಅಂದು.

ಈ ಭಕ್ತಿ ನನ್ನೊಬ್ಬನದೇನಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರ ಭಾಗವನ್ನು ತೆರೆದು ನೋಡಿ. ಕಂತು ಕಟ್ಟಿದಾಗಲೆಲ್ಲ ಸಾಲಗಾರನು ಸಾಲಪತ್ರದ ಬೆನ್ನಿಗೆ ಅದನ್ನು ಬರೆಯಬೇಕು, ಇಲ್ಲವೇ ಸಾಲ ಕೊಟ್ಟವನು ತನ್ನ ಕೈಬರಹದ ಗುರುತಿರುವ ರಸೀದಿ ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು, ಇಲ್ಲವೇ ಋಣ ಶುದ್ಧವಾಯಿತೆಂದು ಬೇರೆ ಪತ್ರ ಬರೆಸಬೇಕು ಎಂದಿದೆ. ಇಂದು ನಾವು ನೋ ಡ್ಯೂಸ್ ಪ್ರಮಾಣಪತ್ರ ಎನ್ನುವುದು ಅದನ್ನೇ. ಇಂಗ್ಲೆಂಡಿನ ಖಜಾನೆಯವರು ಶತಮಾನಗಳ ಕಾಲ ರಸೀದಿಗೆ ಕಾಗದದ ಬದಲು ಕಡ್ಡಿ ಬಳಸಿದರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು. ಕಚ್ಚು ಹಾಕಿದ ಕಡ್ಡಿಯನ್ನು ಉದ್ದಕ್ಕೆ ಸೀಳಿ ಅರ್ಧ ಹಣ ಕೊಟ್ಟವರಿಗೆ, ಅರ್ಧ ಪಡೆದವರಿಗೆ. ಲೆಕ್ಕದ ದಿನ ಎರಡು ಸೀಳೂ ಕೂಡಿ ಬರಬೇಕು. ಒಬ್ಬರು ಕಳ್ಳತನದಿಂದ ಒಂದು ಕಚ್ಚು ಹೆಚ್ಚಿಸಿದರೆ ಇನ್ನೊಬ್ಬರ ಸೀಳು ಸಾಕ್ಷಿ ಹೇಳುತ್ತಿತ್ತು. 1826ರಲ್ಲಿ ಆ ಪದ್ಧತಿ ನಿಂತಿತು. 1834ರ ಅಕ್ಟೋಬರ್ 16ರಂದು ಉಳಿದ ಕಡ್ಡಿಗಳ ರಾಶಿಯನ್ನು ಒಲೆಗೆ ಹಾಕಿ ಸುಡಲು ಹೋಗಿ ಸಂಸತ್ ಭವನವೇ ಹೊತ್ತಿ ಉರಿಯಿತು.

ಆ ಅರ್ಧ ಕಡ್ಡಿಯನ್ನು ನಾವು ಯಾವಾಗ ಕೈಬಿಟ್ಟೆವು? ಇಂದು ಲೆಕ್ಕವೆಲ್ಲ ಒಬ್ಬರ ಕೈಯಲ್ಲಿದೆ. ನಿಮ್ಮ ಸಾಲವನ್ನು ಅವರೇ ಬರೆಯುತ್ತಾರೆ, ಬಡ್ಡಿಯನ್ನು ಅವರೇ ಕೂಡಿಸುತ್ತಾರೆ, ತೀರಿಲ್ಲವೆಂದೂ ಅವರೇ ತೀರ್ಪು ಕೊಡುತ್ತಾರೆ. ಆ ಲೆಕ್ಕವಾದರೂ ಎಂಥದು! ಕೆಲವು ದೇಶಗಳಲ್ಲಿ ಹಳೆಯ ಬಾಕಿಗಳನ್ನು ಕಟ್ಟುಕಟ್ಟಾಗಿ ಮಾರುತ್ತಾರೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಆ ವ್ಯಾಪಾರದ ಅಧ್ಯಯನ ಪ್ರಕಟಿಸಿತು. ಒಂದು ಡಾಲರ್ ಬಾಕಿಗೆ ಕೊಳ್ಳುವವರು ಕೊಟ್ಟದ್ದು ಸರಾಸರಿ 4 ಸೆಂಟ್. ಕೊಂಡವರ ಕೈಗೆ ಮೂಲ ದಾಖಲೆ ಸಿಗುವುದು ಅಪರೂಪ. ಜನ ತಕರಾರು ಎತ್ತಿದ ಸಾಲಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ತಾವು ದೃಢಪಡಿಸಿದ್ದಾಗಿ ಆ ಕಂಪನಿಗಳೇ ಹೇಳಿದವು. ಅಂದರೆ “ಕಾಗದ ತೋರಿಸಿ” ಎಂದವರ ಪೈಕಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಆ ಕಡೆ ಬಾಯಿ ಕಟ್ಟಿತು. ಕೇಳದೆ ಕಟ್ಟಿದವರೆಷ್ಟು ಮಂದಿಯೋ.

ಮಗ ಹೇಳಿದ “ಅರ್ಧಕ್ಕೆ ಕಟ್ಟಿ ಕೈತೊಳೆದುಕೊಳ್ಳುವ” ಮಾತಿಗೆ ಬರುತ್ತೇನೆ. ಅವನ ಮೇಲೆ ಬೇಸರ ಬೇಡ, ಅಪ್ಪ ನಿದ್ದೆಗೆಡುವುದನ್ನು ನೋಡಲಾರದೆ ಆಡಿದ ಮಾತು ಅದು. ಆದರೆ ನೆಮ್ಮದಿ ಹಾಗೆ ಸಿಗುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ಬಹಳ ಕಾಲ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು, ಯಾರದೋ ಹೆಸರು ತಮ್ಮ ಹೆಸರನ್ನು ಹೋಲುತ್ತದೆಂಬ ಒಂದೇ ಕಾರಣಕ್ಕೆ ಬಂದ ಬಾಕಿಯಲ್ಲಿ ಅರ್ಧವನ್ನು ಮರ್ಯಾದೆಗೆ ಅಂಜಿ ಕಟ್ಟಿದರು. ರಸೀದಿಯನ್ನೂ ಕೇಳಲಿಲ್ಲ. ಆರು ತಿಂಗಳಿಗೆ ಬೇರೊಂದು ಏಜೆನ್ಸಿ “ಉಳಿದರ್ಧ” ಕೇಳಿತು. ಕೊಟ್ಟ ಅರ್ಧವೇ ಸಾಲದ ಒಪ್ಪಿಗೆ ಎಂದು ವಾದಿಸಿತು. ಪರರ ಬರಹದಲ್ಲಿ ಒಂದು ಅಕ್ಷರ ತಪ್ಪಿದರೂ ಬಿಡದಿದ್ದ ಮನುಷ್ಯ, ತನ್ನ ಹೆಸರಿನ ತಪ್ಪನ್ನು ತಿದ್ದಿಸಲಾರದೆ ಹೋದದ್ದು ನನ್ನನ್ನು ಈಗಲೂ ಕಾಡುತ್ತದೆ.

ಅವರಿಗೆ ಯಾರೂ ಹೇಳದ ಸಂಗತಿಯನ್ನು ನಿಮಗೆ ಹೇಳುತ್ತೇನೆ. ಸಾಲದ ದಾವೆಗೆ ಕಾಲಮಿತಿ ಇದೆ. ನಮ್ಮ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷ. ಇಂಗ್ಲೆಂಡಿನಲ್ಲಿ 6 ವರ್ಷ. ಸ್ಕಾಟ್ಲೆಂಡಿನಲ್ಲಿ 5 ವರ್ಷ ಕಳೆದರೆ ಸಾಲವೇ ಅಳಿದುಹೋಗುತ್ತದೆ. ಆದರೆ ನಮ್ಮಲ್ಲಿ ಅವಧಿಯೊಳಗೆ ಸಾಲವನ್ನು ಒಪ್ಪಿ ಬರೆದು ಸಹಿ ಹಾಕಿದರೆ, ಅಥವಾ ಸಹಿಯೊಡನೆ ಒಂದಿಷ್ಟು ಕಟ್ಟಿದರೆ, ಗಡಿಯಾರ ಮತ್ತೆ ಮೊದಲಿನಿಂದ ಓಡತೊಡಗುತ್ತದೆ. ಅವಧಿ ಮುಗಿದ ಮೇಲೂ “ಕೊಡುತ್ತೇನೆ” ಎಂದು ಬರೆದು ಸಹಿ ಮಾಡಿದರೆ ಅದು ಹೊಸ ಒಪ್ಪಂದವಾಗಿ ಕೊರಳಿಗೆ ಬೀಳಬಹುದು. “ನಂಬಿಕೆಗೆ ಒಂದು ಚಿಕ್ಕ ಮೊತ್ತ ಹಾಕಿ ಸಾರ್” ಎಂಬ ಮೃದು ಮಾತಿಗೆ ಸೋಲಬೇಡಿ.

ವಾರಂಟಿನ ಬೆದರಿಕೆಯಂತೂ ಬರೀ ಗಾಳಿ. ಕಾರ್ಡಿನ ಬಾಕಿಯೆಂಬುದು ಸಿವಿಲ್ ವ್ಯಾಜ್ಯ, ಏಜೆನ್ಸಿಯ ಹುಡುಗ ಫೋನಿನಲ್ಲಿ ವಾರಂಟ್ ಹೊರಡಿಸಲಾರ. ಒಪ್ಪಂದದ ಹಣ ಕೊಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕುವಂತಿಲ್ಲ ಎಂದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದೇ ವಿಧಿಯನ್ನು ಮುಂದಿಟ್ಟುಕೊಂಡು, ಬಡತನದಿಂದ ಕೊಡಲಾರದವನನ್ನು ಜೈಲಿಗೆ ಕಳಿಸಲಾಗದು ಎಂದರು. ಸೊಸೆಯ ಕಚೇರಿಗೆ ಮಾಡಿದ ಕರೆಯಂತೂ ಅವರ ತಪ್ಪಿಗೆ ಅವರೇ ಕೊಟ್ಟ ಸಾಕ್ಷಿ. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡಬಾರದು, ಸಾಲಗಾರರ ಮನೆಯವರ ಮತ್ತು ಸ್ನೇಹಿತರ ಖಾಸಗಿ ಬದುಕಿಗೆ ನುಗ್ಗಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ರಾತ್ರಿ ಎಂಟೂವರೆಯ ಕರೆಯೊಂದಿದೆ. ಅದನ್ನು ಅಡಿಗೆರೆ ಎಳೆದು ಇಟ್ಟುಕೊಳ್ಳಿ.

ಈಗ ಕೂತು ಬರೆಯಿರಿ. “ನನ್ನ ಸಾಲ” ಎಂಬ ಮಾತು ಎಲ್ಲಿಯೂ ಬರಕೂಡದು. “ನನ್ನದೆಂದು ನೀವು ಹೇಳುತ್ತಿರುವ ಬಾಕಿ” ಎಂದೇ ಬರೆಯಿರಿ. ಅದನ್ನು ಒಪ್ಪುವುದಿಲ್ಲವೆಂದು ಮೊದಲ ವಾಕ್ಯದಲ್ಲೇ ಹೇಳಿ. ಮೂಲತಃ ಯಾರು ಕೊಟ್ಟ ಸಾಲ, ಅದರ ಒಪ್ಪಂದದ ಪ್ರತಿ ಎಲ್ಲಿ, ಅಸಲೆಷ್ಟು ಬಡ್ಡಿಯೆಷ್ಟು ದಂಡವೆಷ್ಟು, ಕೊನೆಯ ಪಾವತಿ ಯಾವ ತಾರೀಖಿನದು, ನಿಮ್ಮಿಂದ ವಸೂಲು ಮಾಡಲು ಅವರಿಗೆ ಬ್ಯಾಂಕು ಕೊಟ್ಟ ಅಧಿಕಾರಪತ್ರ ಯಾವುದು ಎಂದು ಕೇಳಿ. ಕಾರ್ಡು ಮುಚ್ಚಿದಾಗಿನ ಕಾಗದದ ನಕಲು ಜೊತೆಗಿಡಿ, ಮೂಲ ಪ್ರತಿ ನಿಮ್ಮಲ್ಲೇ ಇರಲಿ. ಇನ್ನು ಮುಂದೆ ಬರಹದಲ್ಲಷ್ಟೇ ವ್ಯವಹರಿಸುತ್ತೇನೆ ಎಂದು ಮುಗಿಸಿ. ಸ್ವೀಕೃತಿ ಸಿಗುವ ಅಂಚೆಯಲ್ಲಿ ಏಜೆನ್ಸಿಗೊಂದು, ಬ್ಯಾಂಕಿಗೊಂದು ಕಳಿಸಿ. ಬ್ಯಾಂಕು 30 ದಿನಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ನ್ಯಾಯಾಲಯದ ಸಮನ್ಸ್ ಬಂದರೆ ಮಾತ್ರ ಅಲಕ್ಷ್ಯ ಮಾಡಬೇಡಿ, ಅಂದೇ ವಕೀಲರನ್ನು ಕಾಣಿ. ಹಾಜರಾಗದವರ ವಿರುದ್ಧ ಸುಳ್ಳು ಸಾಲಕ್ಕೂ ಡಿಕ್ರಿ, ಅಂದರೆ ಕಟ್ಟಬೇಕೆಂಬ ನ್ಯಾಯಾಲಯದ ಆದೇಶ, ಆಗಿಬಿಡಬಹುದು.

ಅಮೆರಿಕದಲ್ಲಿ 1977ರ ಕಾಯ್ದೆಯೊಂದು ಈ ಪತ್ರಕ್ಕೆ ಕಾನೂನಿನ ಬಲವನ್ನೇ ಕೊಟ್ಟಿದೆ. ನೋಟಿಸ್ ಬಂದ 30 ದಿನಗಳೊಳಗೆ ಲಿಖಿತವಾಗಿ ತಕರಾರು ಎತ್ತಿದರೆ, ಪುರಾವೆ ಕಳಿಸುವವರೆಗೆ ಏಜೆನ್ಸಿ ವಸೂಲಿ ನಿಲ್ಲಿಸಬೇಕು. ಯಾರಾದರೂ ತಕರಾರು ಎತ್ತದೆ ಉಳಿದರೂ ಅದನ್ನು ಸಾಲದ ಒಪ್ಪಿಗೆಯೆಂದು ನ್ಯಾಯಾಲಯ ತಿಳಿಯಬಾರದು ಎಂದೂ ಅದರಲ್ಲಿದೆ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಬಾಯಿಪಾಠ ಮಾಡಿದ ನಮಗೆ ಇದು ಎಷ್ಟು ದೊಡ್ಡ ಮಾತು!

ನನ್ನ ದೊಡ್ಡ ಕೊರಗು ಬೇರೆಯೇ ಇದೆ, ಮೇಷ್ಟ್ರೇ. ನೀವು ಪತ್ರ ಬರೆದರೆ ಅದನ್ನು ಓದುವ ಮನುಷ್ಯ ಆ ಕಡೆ ಇರಬೇಕಲ್ಲ? ಈಚೆಗೆ ನನಗೆ ಬರುವ ಸಂದೇಶಗಳಲ್ಲಿ ಅರ್ಧಕ್ಕರ್ಧ “ಇದಕ್ಕೆ ಉತ್ತರಿಸಬೇಡಿ” ಎಂದು ಮುಗಿಯುತ್ತವೆ. ಕೇಳುವ ಹಕ್ಕು ಅವರದು, ಹೇಳುವ ಹಕ್ಕು ನಮಗಿಲ್ಲ. ಕೆಳಗೆ ಹೆಸರಿಲ್ಲ, ಸಹಿಯಿಲ್ಲ. ಪ್ರಶ್ನಿಸಿದರೆ “ಸಿಸ್ಟಮ್‌ನಲ್ಲಿ ಹಾಗೇ ತೋರಿಸುತ್ತಿದೆ” ಎನ್ನುತ್ತಾರೆ. ಬ್ರಿಟಿಷ್ ಗ್ಯಾಸ್ ಕಂಪನಿಯನ್ನು ಬಿಟ್ಟು ಬೇರೆ ಕಂಪನಿಗೆ ಹೋದ ಮಹಿಳೆಯೊಬ್ಬರಿಗೆ 2006ರಿಂದ ತಿಂಗಳುಗಟ್ಟಲೆ ಇಲ್ಲದ ಬಾಕಿಯ ಬಿಲ್ಲುಗಳು ಬಂದವು. ಗ್ಯಾಸ್ ಕಡಿಯುತ್ತೇವೆ, ದಾವೆ ಹೂಡುತ್ತೇವೆ, ನಿಮ್ಮ ಹೆಸರನ್ನು ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ ಕೊಡುತ್ತೇವೆ ಎಂಬ ಬೆದರಿಕೆಗಳೂ ಬಂದವು. ಆಕೆ ಬರೆದರು, ಮತ್ತೆ ಬರೆದರು, ಕಂಪನಿಯ ಅಧ್ಯಕ್ಷರಿಗೂ ಬರೆದರು. ಹೆಚ್ಚಿನವಕ್ಕೆ ಉತ್ತರವಿಲ್ಲ. ಕೊನೆಗೆ ಕಿರುಕುಳದ ದಾವೆ ಹೂಡಿದರು. ಆಗ ಕಂಪನಿ ಏನೆಂದಿತು ಗೊತ್ತೇ? ಆ ಪತ್ರಗಳು ಕಂಪ್ಯೂಟರ್ ತಾನಾಗಿ ಕಳಿಸಿದವು, ಮನುಷ್ಯ ಬರೆದ ಪತ್ರದಷ್ಟು ಗಂಭೀರವಾಗಿ ಆಕೆ ಅವನ್ನು ತೆಗೆದುಕೊಳ್ಳಬೇಕಿರಲಿಲ್ಲ ಎಂದಿತು! 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಕಂಪ್ಯೂಟರಿಗೆ ಹೇಳಿಕೊಟ್ಟವರು, ಅದರೊಳಗೆ ವಿವರ ತುಂಬಿದವರು ಮನುಷ್ಯರೇ, ಹೊಣೆ ಅವರದು ಎಂದು ನ್ಯಾಯಮೂರ್ತಿ ಜೇಕಬ್ ಹೇಳಿದರು. ಕಂಪನಿಗೆ ದಾವೆ ಎದುರಿಸುವುದು ತಪ್ಪಲಿಲ್ಲ.

ಆಕೆಯಾದರೂ ಪತ್ರದ ಮೇಲೆ ಪತ್ರ ಬರೆದಿದ್ದರು. ನಿಮ್ಮ ಆರೇಳು ಫೋನ್ ಕರೆಗಳಿಗೆ ಯಾವ ಆಧಾರವಿದೆ ಹೇಳಿ? ಹಟವೋ ನೆಮ್ಮದಿಯೋ ಎಂದು ಕೇಳಿದ್ದೀರಿ. ಕೊಡಬೇಕಿಲ್ಲದ್ದನ್ನು ಕೊಡುವುದಿಲ್ಲ ಎಂದು ಬರೆಯುವುದನ್ನು ಹಟ ಎಂದವರು ಯಾರು? ತಪ್ಪು ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವಾಗ ನಿಮಗೆ ಎಂದಾದರೂ ಹಾಗನಿಸಿತ್ತೇ?

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಪತ್ರ ಅಂಚೆಗೆ ಬಿದ್ದಿರಲಿ. ಅದರ ಒಂದು ನಕಲನ್ನು ನನಗೂ ಕಳಿಸಿ, ಅಂಚೆ ರಸೀದಿಯ ಸಂಖ್ಯೆಯನ್ನು ಮೇಲ್ಗಡೆ ಬರೆದಿರಿ. ಏಜೆನ್ಸಿಯವರು ಏನು ಉತ್ತರ ಕೊಟ್ಟರು, ಕೊಟ್ಟರೋ ಇಲ್ಲವೋ, ಅದನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.