ಪ್ರೋಟೀನ್ ಪೌಡರ್‌ನಿಂದ ಅಂಡಾಣು ಸುಧಾರಿಸುತ್ತಾ?

ಜಯನಗರದ ಮೇಡಂ, ನಿಮಗೆ 36 ವರ್ಷ, ಎಎಂಎಚ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆಯಲ್ಲಿ 2.8 ಬಂದಿದೆ, ಮುಟ್ಟು ಸರಿಯಾಗಿದೆ. ಆದರೂ ಡಾಕ್ಟರ್ ವಯಸ್ಸಿನ ಮಾತೆತ್ತಿದ್ದೇಕೆ, ಪ್ರೋಟೀನ್ ಪೌಡರ್ ಕುಡಿದರೆ ಅಂಡಾಣು ಸುಧಾರಿಸುತ್ತಾ ಅಂತ ಕೇಳಿದ್ದೀರಿ.

ಪೌಡರ್‌ನಿಂದ ಆಗಲ್ಲ. ತಿಂದ ಪ್ರೋಟೀನ್ ಹೊಟ್ಟೆಯಲ್ಲೇ ಅಮೈನೋ ಆಮ್ಲಗಳಾಗಿ ಒಡೆಯುತ್ತೆ, ನೇರವಾಗಿ ಅಂಡಾಣುವಿಗೆ ಹೋಗಿ ಕೂರಲ್ಲ.

ನಿಮ್ಮ ಅಂಡಾಣುಗಳು ನೀವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡವು. ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮಿನ ಎರಡು ಎಳೆಗಳನ್ನು ಬಳೆಯ ಹಾಗೆ ಸುತ್ತಿ ಹಿಡಿಯುವ ಕೊಹೆಸಿನ್ ಎಂಬ ಪ್ರೋಟೀನ್ ಕೂಡ ಆಗಲೇ ಬಂದು ಕೂತಿರುತ್ತೆ. ಚರ್ಮದ, ರಕ್ತದ ಪ್ರೋಟೀನ್ ಹಾಗೆ ಇದು ಹೊಸದಾಗಲ್ಲ. ಇಲಿಗಳಲ್ಲಿ ಪರೀಕ್ಷಿಸಿದಾಗ ಹುಟ್ಟಿದ ಮೇಲೆ ಹೊಸ ಬಳೆ ಸೇರುವುದು ಕಂಡೇ ಇಲ್ಲ. ವರ್ಷ ಕಳೆದಂತೆ ಬಳೆಗಳು ಕಡಿಮೆಯಾಗಿ ಎಳೆಗಳು ಹೊತ್ತಿಗೆ ಮುಂಚೆಯೇ ಬಿಟ್ಟುಕೊಳ್ಳುತ್ತವೆ. ಆಗ 23ರ ಬದಲು 22 ಅಥವಾ 24 ಕ್ರೋಮೋಸೋಮ್ ಇರುವ ಅಂಡಾಣು ಬಲಿಯುತ್ತೆ. ಗರ್ಭ ನಿಲ್ಲದಿರುವುದಕ್ಕೆ, ಮೊದಲ ತಿಂಗಳುಗಳ ಗರ್ಭಪಾತಕ್ಕೆ ಇದು ದೊಡ್ಡ ಕಾರಣ. ಮಗುವಿಗೆ ಒಂದು ಕ್ರೋಮೋಸೋಮ್ ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮ್ ಸಾಧ್ಯತೆ ತಾಯಿಯ ವಯಸ್ಸು 25ರಲ್ಲಿ ಸುಮಾರು 1,250ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು.

ಎಎಂಎಚ್ ಹೇಳೋದು ಅಂಡಾಣು ಎಷ್ಟು ಉಳಿದಿವೆ ಅನ್ನೋ ಅಂದಾಜು ಮಾತ್ರ, ಬಳೆ ಗಟ್ಟಿಯಿದೆಯಾ ಅಂತ ಅಲ್ಲ. ಅಂದಹಾಗೆ, ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ತಿಳಿಸಿ. ಕೆಲವು ಯಂತ್ರಗಳಲ್ಲಿ ರಿಪೋರ್ಟ್ ತಪ್ಪಾಗುತ್ತೆ.

ಪೌಡರ್ ದುಡ್ಡು ಉಳಿಸಿ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರು ಮಾಡಿ, ಡಾಕ್ಟರ್ ಹೆಚ್ಚು ಬರೆದಿದ್ದರೆ ಅಷ್ಟು. 35 ದಾಟಿದ ಮೇಲೆ ವರ್ಷವಿಡೀ ಕಾಯಬೇಡಿ: 6 ತಿಂಗಳು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಡಾಕ್ಟರಿಗೆ ತೋರಿಸಿ. ಯಜಮಾನರ ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸ್ಖಲನವಾಗದೆ ಇರಬೇಕು.